ಕೆ.ಜಿ. ರೋಡ್‌ನಲ್ಲಿ 4.30ರ ಆಟ, 3.40ಕ್ಕೆ ಹಸಿವು: ಅರ್ಧ ಗಂಟೆಯಲ್ಲಿ ಏನು ತಿನ್ನಬಹುದು?

ತುಮಕೂರು_ಪ್ಯಾಸೆಂಜರ್ ಕೇಳಿದ್ದು:

ಬರೋ ಶನಿವಾರ ಕೆ.ಜಿ. ರೋಡಿನ ಸಿಂಗಲ್ ಸ್ಕ್ರೀನ್ ಒಂದರಲ್ಲಿ 4.30ರ ಫಸ್ಟ್ ಶೋಗೆ ಟಿಕೆಟ್ ಆಗಿದೆ. ತುಮಕೂರಿನಿಂದ ರೈಲು. ಸರಿಯಾಗಿ ಬಂದರೆ 3.10ಕ್ಕೆ ಬೆಂಗಳೂರು ಸಿಟಿ ಸ್ಟೇಷನ್. ಒಟ್ಟು ನಾಲ್ಕು ಜನ: ದೊಡ್ಡವರು ಇಬ್ಬರು, 70 ವರ್ಷದ ಅಮ್ಮ (ಮಂಡಿ ನೋವು, ಶುಗರ್ ಇದೆ), 7 ವರ್ಷದ ಹುಡುಗ. ಮಧ್ಯಾಹ್ನದ ಊಟ ಆಗಿರೋದಿಲ್ಲ. ಅಮ್ಮನಿಗೆ ನಿಂತು ತಿನ್ನೋಕೆ ಆಗಲ್ಲ. ನಾಲ್ವರಲ್ಲಿ ಒಬ್ಬರಿಗೆ ನಾನ್‌ವೆಜ್ ಸಿಕ್ಕರೆ ಖುಷಿ, ಸಿಗದಿದ್ದರೆ ಪರವಾಗಿಲ್ಲ. ಎಲ್ಲಾ ಸೇರಿ 600 ರೂಪಾಯಿ ಒಳಗೆ ಮುಗಿಬೇಕು. ಥಿಯೇಟರ್ ಒಳಗಿನ ಪಾಪ್‌ಕಾರ್ನ್, ಪಫ್ಸ್ ಊಟದ ಲೆಕ್ಕಕ್ಕೆ ಬೇಡ.

ಹೋಟೆಲ್ ಹೆಸರಿನ ಪಟ್ಟಿ ಮ್ಯಾಪ್‌ನಲ್ಲೇ ಸಿಗುತ್ತೆ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ನಿಜಕ್ಕೂ ಬೇಗ ಏನು ಸಿಗುತ್ತೆ, ಏನು ಕೇಳಬಾರದು, ಗೊತ್ತಿರೋರು ಹೇಳಿ.

*

ಗಾಂಧಿನಗರ_ಗಲ್ಲಿ:

ಮೊದಲು ಗಡಿಯಾರ ಹಿಂದಕ್ಕೆ ತಿರುಗಿಸಿ ಲೆಕ್ಕ ಹಾಕೋಣ. 4.30ರ ಆಟಕ್ಕೆ 4.25ಕ್ಕೆ ಸೀಟಿನಲ್ಲಿರಬೇಕು. ಶನಿವಾರ ಗೇಟಿನಲ್ಲಿ ಚೆಕಿಂಗ್, ಮಂಡಿ ನೋವಿನವರಿಗೆ ಬಾಲ್ಕನಿ ಮೆಟ್ಟಿಲು, ಎರಡೂ ಸೇರಿ 10 ನಿಮಿಷ. ಹೋಟೆಲಿನಿಂದ ಥಿಯೇಟರ್‌ಗೆ ಅಮ್ಮನವರ ನಡಿಗೆಯಲ್ಲಿ 5 ನಿಮಿಷ. ಅಂದರೆ 4.10ಕ್ಕೆ ಕೈ ತೊಳೆದು ಎದ್ದಿರಬೇಕು.

ಈಗ ಈ ಕಡೆಯಿಂದ. ರೈಲು 3.10ಕ್ಕೆ ನಿಂತರೂ ಪ್ಲಾಟ್‌ಫಾರ್ಮ್‌ನಿಂದ ಹೊರಗೆ ಬರೋಕೆ 10 ನಿಮಿಷ ಹಿಡಿಯಿರಿ. 1ನೇ ಪ್ಲಾಟ್‌ಫಾರ್ಮ್ ಮೆಜೆಸ್ಟಿಕ್ ಕಡೆಗೇ ಇದೆ, ಅಲ್ಲಿ ನಿಂತರೆ ನಿಮ್ಮ ಅದೃಷ್ಟ. ಹಿಂದಿನ ಪ್ಲಾಟ್‌ಫಾರ್ಮ್‌ನಲ್ಲಿ ನಿಂತರೆ ಅಮ್ಮನವರ ಜೊತೆ ದಾಟಿ ಬರೋಕೇ ಕಾಲುಗಂಟೆ. ಗಾಬರಿಯಲ್ಲಿ ಹಿಂದಿನ ಗೇಟಿನಿಂದ ಆಚೆ ಬಿದ್ದರೆ ಓಕಳಿಪುರದ ಕಡೆ ಹೋಗ್ತೀರಿ, ಆಮೇಲೆ ಎಲ್ಲಾ ಲೆಕ್ಕ ಕೆಟ್ಟ ಹಾಗೆ.

ಸ್ಟೇಷನ್ ಮುಂದಿನಿಂದ ಕೆ.ಜಿ. ರೋಡಿಗೆ ಸಬ್‌ವೇ ಇಳಿದು, ಬಸ್ ಸ್ಟ್ಯಾಂಡ್ ದಾಟಿ ನಡೆದರೆ ಗಟ್ಟಿಮುಟ್ಟಾದವರಿಗೆ 12ರಿಂದ 15 ನಿಮಿಷ. ಅಮ್ಮನವರಿಗೆ ಅದು ಬೇಡ. ದೂರಕ್ಕಿಂತ ಇಳಿಯೋ ಹತ್ತೋ ಮೆಟ್ಟಿಲುಗಳೇ ಕಷ್ಟ. ಆಟೊ ಹಿಡಿಯಿರಿ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ ಮೀಟರ್ ದರ 36 ರೂಪಾಯಿ. ಇಷ್ಟು ಹತ್ತಿರಕ್ಕೆ ಮೀಟರ್ ಹಾಕೋರು ಕಡಿಮೆ, ಹತ್ತೋ ಮೊದಲೇ ಮಾತಾಡಿ. ಒನ್ ವೇ ಇರೋದರಿಂದ ಆಟೊ ಸುತ್ತಿ ಹೋಗುತ್ತೆ, ‘ಯಾಕಪ್ಪಾ ಸುತ್ತಿಸ್ತೀಯ’ ಅಂತ ಜಗಳ ಬೇಡ. ‘ಥಿಯೇಟರ್ ಹತ್ರ’ ಅನ್ನಬೇಡಿ. ಹೋಟೆಲ್ ಇರೋ ಗಾಂಧಿನಗರದ ಕ್ರಾಸ್ ಹೆಸರು ಹೇಳಿ, ನೇರ ಅಲ್ಲೇ ಇಳಿಯಿರಿ.

ಹೀಗೆ 3.40ಕ್ಕೆ ಟೇಬಲ್. ಕೈಯಲ್ಲಿ ಸರಿಯಾಗಿ 30 ನಿಮಿಷ.

ಎಲ್ಲಿ ಅಂದರೆ: ಕೆ.ಜಿ. ರೋಡಿನ ಮೇಲೆ ಹುಡುಕಬೇಡಿ. ಅಲ್ಲಿ ಮುಂದುಗಡೆ ಇರೋದು ಹೆಚ್ಚಾಗಿ ಬಟ್ಟೆ ಅಂಗಡಿ, ಜ್ಯೂಸ್ ಅಂಗಡಿ, ನಿಂತು ತಿನ್ನೋ ಕೌಂಟರ್. ಒಂದು ಗಲ್ಲಿ ಒಳಗೆ ಹೋಗಿ. ಗಾಂಧಿನಗರದ ಕ್ರಾಸ್‌ಗಳಲ್ಲಿ ಲಾಡ್ಜ್‌ಗಳ ಕೆಳಗಡೆ ಇರೋ ವೆಜ್ ಹೋಟೆಲ್‌ಗಳೇ ನಿಮಗೆ ಸರಿ. ಕಾರಣ ಇದೆ. ಹಳೇ ಟಿಫಿನ್ ರೂಮ್‌ಗಳು ಮಧ್ಯಾಹ್ನ ಬಾಗಿಲು ಎಳೆದುಬಿಡ್ತವೆ. ಲಾಡ್ಜ್ ಹೋಟೆಲ್‌ಗೆ ಹಾಗೆ ಮಾಡೋಕಾಗಲ್ಲ, ರೂಮಿನವರು ಹೊತ್ತುಗೊತ್ತಿಲ್ಲದೆ ಇಳಿದು ಬರ್ತಾರೆ. ಹಾಗಾಗಿ 3.40ಕ್ಕೂ ಅಡುಗೆಮನೆಯಲ್ಲಿ ಯಾರಾದರೂ ಇರ್ತಾರೆ, ಕುರ್ಚಿ ಇರುತ್ತೆ, ಕೈ ತೊಳೆಯೋಕೆ ಜಾಗ, ಟಾಯ್ಲೆಟ್ ಕೂಡ. ಅಮ್ಮನವರಿಗೆ ಇದು ಊಟದಷ್ಟೇ ಮುಖ್ಯ. ಸಿನಿಮಾ ಎರಡೂವರೆ ಗಂಟೆ.

ಕೂರೋವಾಗ ಒಂದು ಎಚ್ಚರ. ಎಷ್ಟೋ ಹೋಟೆಲ್‌ಗಳಲ್ಲಿ ಒಂದೇ ಅಡುಗೆಮನೆಗೆ ಮೂರು ರೇಟು: ಮುಂದೆ ಸೆಲ್ಫ್ ಸರ್ವಿಸ್, ಒಳಗೆ ಕೂತು ತಿನ್ನೋ ಹಾಲ್, ಮಹಡಿ ಮೇಲೆ ಎ.ಸಿ. ಅದೇ ಪೂರಿ ಮೇಲಕ್ಕೆ ಹತ್ತಿದಷ್ಟೂ ದುಬಾರಿ, ತಡ ಕೂಡ. ನೆಲಮಹಡಿಯ ಹಾಲ್‌ನಲ್ಲಿ ಕೂತರೆ 600ರೊಳಗೆ ನಾಲ್ವರದ್ದು ಆರಾಮವಾಗಿ ಮುಗಿಯುತ್ತೆ, ಎ.ಸಿ. ಹಾಲ್‌ನಲ್ಲಿ ಹೇಳೋಕಾಗಲ್ಲ.

ಗಾಂಧಿನಗರ 1ನೇ ಕ್ರಾಸಿನ ಕಾಮತ್ ಯಾತ್ರಿ ನಿವಾಸದಲ್ಲಿ ಜೋಳದ ರೊಟ್ಟಿ ಊಟ ಚೆನ್ನಾಗಿರುತ್ತೆ ಅಂತ ಯಾರಾದರೂ ಹೇಳ್ತಾರೆ. ಚೆನ್ನಾಗಿರುತ್ತೆ ನಿಜ. ಆದರೆ ರೊಟ್ಟಿ ಊಟ ಅಂದರೆ ಕೂತು, ಬಡಿಸಿಕೊಂಡು, ಎಣ್ಣೆಗಾಯಿ ಎರಡನೇ ಸಲ ಕೇಳಿ ತಿನ್ನೋ ಊಟ. ಅರ್ಧ ಗಂಟೆಗೆ ಅದನ್ನ ತುರುಕಬೇಡಿ, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

*

ಕಾವಲಿ_ಭಟ್ಟ:

ಮೇಲಿನವರು ಜಾಗ ಹೇಳಿದ್ದಾರೆ, ನಾನು ಒಲೆ ಕಡೆಯಿಂದ ಹೇಳ್ತೀನಿ. 3.40 ಅನ್ನೋದು ಬೆಂಗಳೂರಿನ ವೆಜ್ ಹೋಟೆಲ್‌ನಲ್ಲಿ ಇಡೀ ದಿನದ ಅತಿ ಕೆಟ್ಟ ಹೊತ್ತು. ಮಧ್ಯಾಹ್ನದ ಊಟ 3ಕ್ಕೆ ಮುಗಿದಿರುತ್ತೆ, ಸಂಜೆ ಟಿಫಿನ್ 4ಕ್ಕೆ ಶುರು. ನಡುವೆ ಹುಡುಗರು ಊಟಕ್ಕೆ ಕೂತಿರ್ತಾರೆ, ಮಾಸ್ಟರ್ ಒಂದು ಮಗ್ಗಲು ಹೊರಳಿರ್ತಾನೆ, ನೆಲ ತೊಳೀತಿರ್ತಾರೆ. ಈ ಹೊತ್ತಲ್ಲಿ ‘ಯಾವ ಹೋಟೆಲ್ ಒಳ್ಳೇದು’ ಅಂತ ಕೇಳಿ ಪ್ರಯೋಜನ ಇಲ್ಲ. ‘ಪಾತ್ರೆಯಲ್ಲಿ ಈಗ ಏನಿದೆ’ ಅಂತ ಕೇಳಬೇಕು.

ದೋಸೆ ಬಗ್ಗೆ ಮೊದಲು, ಯಾಕಂದರೆ ಎಲ್ಲರ ಬಾಯಲ್ಲೂ ಬರೋದು ಅದೇ. ಮಧ್ಯಾಹ್ನ ಕಾವಲಿ ಆರಿಸಿ ಉಜ್ಜಿರ್ತಾರೆ. ಮತ್ತೆ ಹಚ್ಚಿದಾಗ ದಪ್ಪ ಕಬ್ಬಿಣ ಪೂರ್ತಿ ಕಾಯೋಕೆ 15ರಿಂದ 20 ನಿಮಿಷ ಬೇಕು. ನಡು ಕಾದು ಅಂಚು ಕಾಯದೆ ಇದ್ದಾಗ ಹುಯ್ದ ದೋಸೆ ಒಂದು ಕಡೆ ಅಂಟುತ್ತೆ, ಇನ್ನೊಂದು ಕಡೆ ಬಿಳಿಚಿಕೊಳ್ಳುತ್ತೆ. ಸಂಜೆಯ ಮೊದಲ ಎರಡು ಒಬ್ಬೆ (ಒಂದು ಸಲಕ್ಕೆ ಕಾವಲಿ ತುಂಬ ಹುಯ್ಯೋ ದೋಸೆ) ಯಾವತ್ತೂ ಚೆನ್ನಾಗಿ ಬರಲ್ಲ, ಒಳ್ಳೇ ಭಟ್ಟರು ಅದನ್ನ ಗಿರಾಕಿಗೆ ಕೊಡೋದೂ ಇಲ್ಲ.

ಕಾವಲಿ ಕಾದಿದ್ದರೂ ಲೆಕ್ಕ ಹೀಗೆ: ದೊಡ್ಡ ಕಾವಲಿ ಮೇಲೆ ಒಂದು ಒಬ್ಬೆಗೆ 8ರಿಂದ 12 ಮಸಾಲೆ. ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಹುಯ್ದು, ಎಣ್ಣೆ ಬಿಟ್ಟು, ಕೆಂಪು ಚಟ್ನಿ ಬಳಿದು, ಪಲ್ಯ ಇಟ್ಟು ಮಡಚಿ ತೆಗೆಯೋ ಹೊತ್ತಿಗೆ 4ರಿಂದ 5 ನಿಮಿಷ. ನಿಮ್ಮ ಮುಂದೆ 30 ಟೋಕನ್ ಇದ್ದರೆ ಮೂರು ಒಬ್ಬೆ, ಅಂದರೆ ಹತ್ತಿರ ಹತ್ತಿರ 15 ನಿಮಿಷ. ನಾಲ್ಕು ಜನ ನಾಲ್ಕು ಥರ ದೋಸೆ ಹೇಳಿದರೆ ಇನ್ನೂ ಕೆಟ್ಟದ್ದು. ಈರುಳ್ಳಿ ದೋಸೆಗೆ ನಾಲ್ಕು ಆರ್ಡರ್ ಸೇರಲಿ ಅಂತ ಕಾಯ್ತಾರೆ, ಸೆಟ್ ದೋಸೆ ಒಂದು ಪ್ಲೇಟಿಗೆ ಕಾವಲಿಯಲ್ಲಿ ಮೂರು ಜಾಗ ತಿನ್ನುತ್ತೆ, ರವೆ ದೋಸೆ ಹಿಟ್ಟು ನೀರಾಗಿರೋದರಿಂದ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೇಯಬೇಕು. ರವೆ ದೋಸೆ ಬೇಗ ಬಂತು ಅಂದರೆ ಒಳಗೆ ಹಸಿ ಇದೆ ಅಂತಲೇ ಅರ್ಥ.

ಹಾಗಾದರೆ 3.40ಕ್ಕೆ ಏನು?

ಪೂರಿ ಸಾಗು. ನನ್ನ ಪ್ರಕಾರ ಇದೇ ಮೊದಲನೇದು. ಸಾಗು ಮಾಡಿಟ್ಟಿರುತ್ತೆ, ಹಿಟ್ಟು ಕಲಸಿಟ್ಟಿರುತ್ತೆ, ಬಾಣಲೆ ಎಣ್ಣೆ ಬೋಂಡಾ ಬಜ್ಜಿಗಾಗಿ ಆಗಲೇ ಕಾಯೋಕೆ ಇಟ್ಟಿರ್ತಾರೆ. ಒಂದು ಪೂರಿ ಒಂದು ನಿಮಿಷದೊಳಗೆ ಉಬ್ಬಿ ಬರುತ್ತೆ. ಕಣ್ಣೆದುರೇ ಕರಿದು ಬರೋದರಿಂದ ತಂಗಳಿನ ಭಯವೂ ಇಲ್ಲ. ಹುಡುಗನಿಗೂ ಹಿಡಿಸುತ್ತೆ. ಒಂದೇ ಒಂದು, ಎಣ್ಣೆ ಸರಿಯಾಗಿ ಕಾದಿಲ್ಲ ಅಂದರೆ ಪೂರಿ ಎಣ್ಣೆ ಕುಡಿದು ಚಪ್ಪಟೆ ಬರುತ್ತೆ. ಪಕ್ಕದ ಟೇಬಲ್‌ಗೆ ಹೋಗ್ತಿರೋದನ್ನ ನೋಡಿ ಆಮೇಲೆ ಹೇಳಿ.

ಚಪಾತಿ ಸಾಗು ಅಮ್ಮನವರಿಗೆ. ಅರ್ಧ ಬೇಯಿಸಿಟ್ಟಿದ್ದನ್ನ ಮತ್ತೆ ಕಾಯಿಸಿ ಕೊಡ್ತಾರೆ, 5 ನಿಮಿಷ. ‘ಎಣ್ಣೆ ಕಮ್ಮಿ’ ಅಂತ ಆರ್ಡರ್ ಜೊತೆಗೇ ಹೇಳಬೇಕು, ಬಂದ ಮೇಲೆ ಹೇಳಿದರೆ ಇನ್ನೊಂದು 5 ನಿಮಿಷ.

ಬಿಸಿಬೇಳೆಬಾತ್ ಇದ್ದರೆ ತೊಗೊಳ್ಳಿ. ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟಿರೋದರಿಂದ ಬಿಸಿ ಇರುತ್ತೆ, ಹೊತ್ತಾದಂತೆ ಗಟ್ಟಿಯಾಗುತ್ತೆ, ಬಿಸಿನೀರು ತುಪ್ಪ ಹಾಕಿ ಸಡಿಲ ಮಾಡ್ತಾರೆ. ಅದರಲ್ಲಿ ಮೋಸ ಏನಿಲ್ಲ, ಹಾಗೇ ಮಾಡಬೇಕು. ಆವಿ ಏಳ್ತಿರಬೇಕು ಅಷ್ಟೆ. ಅನ್ನದ ಪದಾರ್ಥ ಯಾವುದೇ ಆಗಲಿ, ಉಗುರುಬೆಚ್ಚಗೆ ಇದ್ದರೆ ಮುಟ್ಟಬೇಡಿ. 12ಕ್ಕೆ ಇಳಿಸಿದ ಅನ್ನ ನಾಲ್ಕು ಗಂಟೆ ಬೆಚ್ಚಗೇ ಕೂತಿದ್ದರೆ ಹೊಟ್ಟೆ ಕೆಡಿಸೋದು ಅಲ್ಲೇ. ಪಲಾವ್, ವಾಂಗಿಬಾತ್ ಆ ಹೊತ್ತಿಗೆ ತಳ ಸೇರಿರುತ್ತೆ, ಬೇಡ.

ಮೊಸರನ್ನ ಕೇಳೋ ಮೊದಲು ಒಂದು ಚಮಚ ರುಚಿ ನೋಡಿ. ಹಾಲು ಹೆಚ್ಚು ಹಾಕಿ ಕಲಸಿದ್ದರೆ ನಾಲ್ಕು ಗಂಟೆಗೂ ಹುಳಿ ಇರಲ್ಲ. ಬರೀ ಮೊಸರಲ್ಲಿ ಕಲಸಿದ್ದರೆ ಮೂಗಿಗೇ ಗೊತ್ತಾಗುತ್ತೆ.

ಇಡ್ಲಿ ಗಡಿಯಲ್ಲಿರೋ ಪದಾರ್ಥ. ಮಧ್ಯಾಹ್ನದ ಇಡ್ಲಿ ಆ ಹೊತ್ತಿಗೆ ಗಟ್ಟಿಯಾಗಿರುತ್ತೆ. ಸಂಜೆಯದು ಹಬೆಗೆ ಇಟ್ಟರೆ 10ರಿಂದ 12 ನಿಮಿಷ. ‘ಇಡ್ಲಿ ಈಗ ಇಳೀತಾ?’ ಅಂತ ಕೇಳಿ. ‘ಐದ್ ನಿಮಿಷ ಸಾರ್’ ಅಂದರೆ ಹತ್ತು ಅಂತ ತಿಳ್ಕೊಂಡು ಕೂರಬಹುದು, ಕೈಗೆ ಬಂದಾಗ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ‘ಇದೆ ಸಾರ್, ಎಷ್ಟು ಪ್ಲೇಟು’ ಅಂತ ತಕ್ಷಣ ಅಂದರೆ ಅದು ಮಧ್ಯಾಹ್ನದ್ದು.

ಚಟ್ನಿ ಮಾತ್ರ ನೋಡಿಯೇ ತಿನ್ನಿ. ಕಾಯಿ ಚಟ್ನಿ 11ಕ್ಕೆ ರುಬ್ಬಿದ್ದು ಬೇಸಿಗೆಯಲ್ಲಿ 4ಕ್ಕೆ ಹಳಸೋಕೆ ಶುರುವಾಗಿರುತ್ತೆ. ಅಂಚಲ್ಲಿ ಸಣ್ಣ ಗುಳ್ಳೆ, ಸ್ವಲ್ಪ ಲೋಳೆ, ಸಣ್ಣ ಹುಳಿ ವಾಸನೆ, ಮೂರರಲ್ಲಿ ಒಂದಿದ್ದರೂ ಬಿಡಿ. ಸಾಂಬಾರ್ ಕುದೀತಾ ಇರುತ್ತೆ, ಅದಕ್ಕೆ ಭಯ ಇಲ್ಲ.

ನಾರ್ತ್ ಇಂಡಿಯನ್, ಚೈನೀಸ್ ಪುಟ ತೆರೆಯಲೇಬೇಡಿ. ತಂದೂರ್ ಒಲೆ ಆ ಹೊತ್ತಿಗೆ ಆರಿರುತ್ತೆ. ಹುಡುಗ ಗೋಬಿ ಮಂಚೂರಿ ಅಂತ ಹಟ ಹಿಡಿದರೆ ಒಂದು ಮಾತು: 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದೆ. ಇನ್ನೂ ಕುಂಕುಮದ ಹಾಗೆ ಕೆಂಪಗೆ ಹೊಳೆಯೋ ಗೋಬಿ ಕಂಡರೆ ಅದು ಮೆಣಸಿನಕಾಯಿ ಬಣ್ಣ ಅಲ್ಲ.

ಆರ್ಡರ್ ಕೊಡೋ ರೀತಿ: ನಾಲ್ವರಿಗೆ ಎರಡೇ ಐಟಂ. ಮೂರು ಪೂರಿ, ಒಂದು ಚಪಾತಿ. ಹೇಳುವಾಗಲೇ ‘ಕಾಫಿ ಆಮೇಲೆ ಕೇಳಲ್ಲ, ಜೊತೆಗೇ ಎರಡು ಬೈಟು ಹಾಕಿ, ಒಂದು ಸಕ್ಕರೆ ಇಲ್ಲದೆ, ಬಿಲ್ ಕೂಡ ತಂದುಬಿಡಿ’ ಅನ್ನಿ. ಹೋಟೆಲ್‌ನಲ್ಲಿ ಹೊತ್ತು ಹೋಗೋದು ತಿನ್ನೋಕಲ್ಲ, ಮಾಣಿಯ ಕಣ್ಣಿಗೆ ಬೀಳೋಕೆ. ಮೂರು ಸಲ ಕರೆಯೋದನ್ನ ಒಂದೇ ಸಲಕ್ಕೆ ಮುಗಿಸಿದರೆ ಕಮ್ಮಿ ಅಂದರೂ 7–8 ನಿಮಿಷ ಉಳಿಯುತ್ತೆ.

*

ದೊನ್ನೆ_ಗಿರಾಕಿ:

ನಾನ್‌ವೆಜ್ ವಿಷಯ ಯಾರೂ ಮುಟ್ಟಿಲ್ಲ.

ಮಿಲಿಟರಿ ಹೋಟೆಲ್ ಆಸೆ 3.40ಕ್ಕೆ ಬಿಟ್ಟುಬಿಡಿ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ ಥರದ್ದು ಬೆಳಗ್ಗೆಯಿಂದ ಮಧ್ಯಾಹ್ನದವರೆಗಿನ ವ್ಯಾಪಾರ. ಬೆಳಗ್ಗೆ ಕಡಿದ ಮಾಂಸ ಬೆಳಗ್ಗೆಯೇ ಬೇಯಬೇಕು, ಮಧ್ಯಾಹ್ನಕ್ಕೆ ಖಾಲಿಯಾಗಬೇಕು, ಉಳಿಸಿ ಮಾರೋದು ಆ ಕಸುಬಿನವರಿಗೆ ಅವಮಾನ. ನೀವು ಹೋಗೋ ಹೊತ್ತಿಗೆ ಸಿಕ್ಕರೂ ಮಟನ್ ಖಾಲಿ, ಚಾಪ್ಸ್ ಖಾಲಿ, ಬರೀ ಕುಷ್ಕಾ, ಅಂದರೆ ಮಾಂಸದ ತುಂಡಿಲ್ಲದ ಬಿರಿಯಾನಿ ಅನ್ನ. ಅಲ್ಲದೆ ಗಾಂಧಿನಗರದಿಂದ ಅಲ್ಲಿಗೆ ಹೋಗಿ ಬರೋಕೇ ನಿಮ್ಮ ಅರ್ಧ ಗಂಟೆ ಮುಗಿಯುತ್ತೆ.

ಥಿಯೇಟರ್ ಹತ್ತಿರ ದಿನಪೂರ್ತಿ ನಡೆಯೋ ದೊನ್ನೆ ಬಿರಿಯಾನಿ ಅಂಗಡಿಗಳಿವೆ. ಬಿರಿಯಾನಿಗಿಂತ ವೇಗದ ಊಟ ಇಲ್ಲ, ಹಂಡೆಯಿಂದ ದೊನ್ನೆಗೆ ಎರಡೇ ನಿಮಿಷ. ಆದರೆ ಹಂಡೆ ಖಾಲಿ ಆಗಿದ್ದರೆ ಅದಕ್ಕಿಂತ ನಿಧಾನದ್ದೂ ಇಲ್ಲ. ಹೊಸ ಹಂಡೆ ದಮ್ ಆಗಿ ಇಳಿಯೋಕೆ ಮುಕ್ಕಾಲು ಗಂಟೆ. ದುಡ್ಡು ಕೊಡೋ ಮೊದಲು ‘ಹಂಡೆ ಇದೆಯಾ, ಇಳೀಬೇಕಾ?’ ಅಂತ ಕೇಳಿ. ತಳದ ಬಿರಿಯಾನಿ ಅಂದರೆ ಅಕ್ಕಿ ಮುರಿದು ಮುದ್ದೆಯಾಗಿ ಎಣ್ಣೆ ತೇಲಾಡ್ತಿರುತ್ತೆ. ಇದಕ್ಕೆ ಹಾಕೋ ಜೀರಿಗೆ ಸಾಂಬಾ ಅಕ್ಕಿ ಸಣ್ಣದು, ಬೇಗ ಕಲಸಿಹೋಗುತ್ತೆ. ದೊನ್ನೆಯಲ್ಲಿ ಕಾಳು ಕಾಳಾಗಿ ಕಾಣಬೇಕು, ಪುದಿನದ ಹಸಿರು ಇನ್ನೂ ಕಪ್ಪಾಗಿರಬಾರದು.

ನಾಲ್ವರೂ ಒಂದು ಕಡೆ ಕೂತು, ಒಬ್ಬರು ಮಾತ್ರ ಹೋಗಿ ದೊನ್ನೆ ಕಟ್ಟಿಸಿಕೊಂಡು ಬರೋದು ಅಂತ ಯೋಚಿಸಬೇಡಿ. ವೆಜ್ ಹೋಟೆಲ್ ಒಳಗೆ ಬಿಡಲ್ಲ, ಥಿಯೇಟರ್‌ನಲ್ಲೂ ಬಿಡಲ್ಲ. ಬೇಕಾದವರು 3.40ಕ್ಕೆ ಬೇರೆಯಾಗಿ ನೇರ ಅಲ್ಲಿಗೆ ಹೋಗಿ, 4.15ಕ್ಕೆ ಥಿಯೇಟರ್ ಗೇಟಿನಲ್ಲಿ ಸೇರೋದೇ ಸರಿ. ಟಿಕೆಟ್ ಒಬ್ಬರ ಫೋನಿನಲ್ಲೇ ಇದ್ದರೆ ಬೇರೆಯಾಗೋ ಮೊದಲು ಇನ್ನೊಬ್ಬರಿಗೆ ಕಳಿಸಿ. ಜನ ಸೇರಿದ ಶನಿವಾರ ಗೇಟಿನಲ್ಲಿ ನೆಟ್‌ವರ್ಕ್ ಕೈಕೊಡುತ್ತೆ.

ನಗದು 500 ರೂಪಾಯಿ ಜೇಬಲ್ಲಿರಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕೊಟ್ಟ ಜಿಎಸ್‌ಟಿ ನೋಟಿಸ್ ಗಲಾಟೆ ಆದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕಾರ್ಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದವು. ಇಂಥ ಕಡೆ ಫೋನ್ ನಂಬಿ ಕ್ಯೂನಲ್ಲಿ ನಿಂತರೆ ಮತ್ತೆ ಎ.ಟಿ.ಎಂ. ಹುಡುಕಬೇಕು.

*

ತುಮಕೂರು_ಪ್ಯಾಸೆಂಜರ್:

ಎಲ್ಲರಿಗೂ ಧನ್ಯವಾದ. ಪೂರಿ, ಚಪಾತಿ ಅಂತಲೇ ನಿರ್ಧಾರ. ಇನ್ನೆರಡು ಪ್ರಶ್ನೆ. ಒಂದು, ಅಮ್ಮನಿಗೆ ಶುಗರ್ ಇರೋದರಿಂದ ಮನೆಯಿಂದ ಡಬ್ಬಿ ಕಟ್ಟಿ ಥಿಯೇಟರ್ ಒಳಗೆ ತೊಗೊಂಡು ಹೋಗಬಹುದಾ? ಕೋರ್ಟ್ ಆರ್ಡರ್ ಇದೆ, ತಡೆಯೋ ಹಾಗಿಲ್ಲ ಅಂತ ಒಬ್ಬರು ಅಂದರು. ಎರಡು, ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆ ಈ ಲೆಕ್ಕದಲ್ಲಿ ಎಲ್ಲಾದರೂ ಸೇರುತ್ತಾ?

*

ಟಾರ್ಚ್_ಬೆಳಕು:

ಮೊದಲನೇದಕ್ಕೆ ಉತ್ತರ. ನಿಮಗೆ ಹೇಳಿದವರು ಹಳೇ ಸುದ್ದಿ ಹೇಳಿದ್ದಾರೆ. ಹೊರಗಿನ ತಿಂಡಿ ತಡೆಯಬಾರದು ಅಂತ 2018ರಲ್ಲಿ ಆದೇಶ ಕೊಟ್ಟಿದ್ದು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್. ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಅದನ್ನ ರದ್ದು ಮಾಡಿದೆ. ಥಿಯೇಟರ್ ಖಾಸಗಿ ಆಸ್ತಿ, ಹೊರಗಿನ ತಿಂಡಿ ಬಿಡಬೇಕೋ ಬೇಡವೋ ಅನ್ನೋದು ಮಾಲೀಕರಿಗೆ ಬಿಟ್ಟಿದ್ದು. ಆದರೆ ಕುಡಿಯೋ ನೀರು ಉಚಿತವಾಗಿ ಇಡಬೇಕು, ಹಸುಗೂಸಿಗೆ ಅಪ್ಪ ಅಮ್ಮ ತಂದ ಆಹಾರಕ್ಕೆ ಅಡ್ಡಿ ಮಾಡಬಾರದು. ಗೇಟಿನಲ್ಲಿ ವಾದ ಮಾಡೋಕೆ ಹೋದರೆ ನಿಮ್ಮ ಕಡೆ ಕಾನೂನು ಇಲ್ಲ. 7 ವರ್ಷದ ಹುಡುಗನ ತಿಂಡಿ ಹಸುಗೂಸಿನ ಲೆಕ್ಕಕ್ಕೆ ಬರಲ್ಲ.

ಶುಗರ್ ಇರೋರಿಗೆ ಏನು ಮಾಡಬೇಕು ಅಂದರೆ, ಊಟದ ಡಬ್ಬಿ ಬೇಡ. ಮಾತ್ರೆ ಪಟ್ಟಿ, ಒಂದು ಸಣ್ಣ ಪೊಟ್ಟಣ ಬಿಸ್ಕತ್, ಎರಡು ಗ್ಲೂಕೋಸ್ ಚೀಟಿ ಒಂದೇ ಕವರ್‌ನಲ್ಲಿ ಹಾಕಿ ಅಮ್ಮನವರ ಕೈಚೀಲದಲ್ಲಿಡಿ. ಗೇಟಿನಲ್ಲಿ ಚೀಲ ತೆರೆದಾಗ ‘ಶುಗರ್ ಪೇಷಂಟ್, ಮಾತ್ರೆ ಜೊತೆಗಿನದು’ ಅಂತ ಮೊದಲೇ ಮೆಲ್ಲಗೆ ಹೇಳಿ. ಬಚ್ಚಿಟ್ಟಿದ್ದನ್ನ ಅವರೇ ಹುಡುಕಿ ತೆಗೆದರೆ ತಕರಾರು, ನೀವೇ ತೋರಿಸಿದರೆ ಸಾಮಾನ್ಯವಾಗಿ ಬಿಡ್ತಾರೆ. ಇದು ಅವರ ದಾಕ್ಷಿಣ್ಯ, ನಿಮ್ಮ ಹಕ್ಕಲ್ಲ. ಆ ಧಾಟಿಯಲ್ಲೇ ಕೇಳಿ. ಇನ್ನೊಂದು, ಮಾತ್ರೆ ತೊಗೊಂಡು ರೈಲು ಹತ್ತಿ 3.40ರವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ. ರೈಲು ಹತ್ತೋ ಮುಂಚೆಯೇ 1 ಗಂಟೆ ಸುಮಾರಿಗೆ ಎರಡು ಚಪಾತಿ ಆಗಲಿ. ಹೋಟೆಲ್‌ನಲ್ಲಿ ತಿನ್ನೋದು ಅವರಿಗೆ ಟಿಫಿನ್ ಆದ ಹಾಗಾಗುತ್ತೆ.

ಇಂಟರ್ವಲ್ ನಂಬಿ ಅರ್ಧ ಹೊಟ್ಟೆಯಲ್ಲಿ ಹೋಗಬೇಡಿ. ಹತ್ತು ಹದಿನೈದು ನಿಮಿಷದ ಬಿಡುವಿನಲ್ಲಿ ಇಡೀ ಬಾಲ್ಕನಿ ಒಂದೇ ಕೌಂಟರ್‌ಗೆ ನುಗ್ಗುತ್ತೆ. ಬೇಕೇ ಬೇಕಿದ್ದರೆ ಇಂಟರ್ವಲ್ ಕಾರ್ಡ್ ಬೀಳೋಕೆ ಒಂದೆರಡು ನಿಮಿಷ ಮುಂಚೆ ಒಬ್ಬರು ಎದ್ದು ಹೋಗಿ. ಯಾವ ಸಿನಿಮಾದಲ್ಲಾದರೂ ಇಂಟರ್ವಲ್ ಬ್ಯಾಂಗ್‌ಗೆ (ಬಿಡುವಿಗೆ ಮುಂಚಿನ ರೋಚಕ ತಿರುವಿಗೆ) ಮುಂಚೆ ಹಿನ್ನೆಲೆ ಸಂಗೀತ ಏರೋಕೆ ಶುರುವಾಗುತ್ತೆ, ಅದೇ ಸೂಚನೆ. ಬ್ಯಾಂಗ್ ತಪ್ಪುತ್ತೆ ಅನ್ನೋದಾದರೆ ಪಾಪ್‌ಕಾರ್ನ್ ಆಸೆ ಬಿಡಿ. ಮುಂದಿನ ಸಲ ಬುಕಿಂಗ್ ಮಾಡುವಾಗ ಆನ್‌ಲೈನ್‌ನಲ್ಲಿ ಟಿಕೆಟ್ ಜೊತೆ ತಿಂಡಿಯ ಕಾಂಬೊ ತೋರಿಸಿದರೆ ಹಾಕಬೇಡಿ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟ ಮಾಡಿದ ಹಾಗೆ ಥಿಯೇಟರ್ ತಿಂಡಿ ಬೇರೆಯಾಗಿ ಕೊಂಡರೆ ಶೇ 5 ತೆರಿಗೆ, ಟಿಕೆಟ್ ಜೊತೆ ಕಟ್ಟಿ ಮಾರಿದರೆ ಟಿಕೆಟ್ಟಿನ ತೆರಿಗೆ ದರವೇ ತಿಂಡಿಗೂ ಬೀಳುತ್ತೆ.

*

ಪೇಟೆ_ಬೀದಿ:

ಬಳೇಪೇಟೆ ಪ್ರಶ್ನೆಗೆ: ಸಿನಿಮಾಗೆ ಮುಂಚೆ ಸೇರಲ್ಲ, ಬಿಟ್ಟ ಮೇಲೆ ಸೇರುತ್ತೆ. ಕೆ.ಜಿ. ರೋಡಿನಿಂದ ಬಳೇಪೇಟೆ ಸರ್ಕಲ್ ಕಡೆಗೆ ನಡೆದರೆ ಕಾಲುಗಂಟೆ, ಅಮ್ಮನವರ ಜೊತೆ 25 ನಿಮಿಷ. ಸಂಜೆ 7ಕ್ಕೆ ಆ ಬೀದಿಗಳಲ್ಲಿ ಕೈಗಾಡಿ, ಲೋಡ್ ಇಳಿಸೋ ಟೆಂಪೊ, ಫುಟ್‌ಪಾತ್ ಅನ್ನೋದೇ ಇಲ್ಲ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಒಂದೇ ಸ್ಟೇಷನ್, ಆದರೆ ಮೆಜೆಸ್ಟಿಕ್ ಮೆಟ್ರೊದಲ್ಲಿ ಹಸಿರು ಮಾರ್ಗದ ಪ್ಲಾಟ್‌ಫಾರ್ಮ್ ನೇರಳೆ ಮಾರ್ಗದ್ದಕ್ಕಿಂತಲೂ ಕೆಳಗಿನ ಅಂತಸ್ತಿನಲ್ಲಿದೆ. ಇಳಿದು, ಒಂದು ಸ್ಟೇಷನ್ ಹೋಗಿ, ಮತ್ತೆ ಹತ್ತೋ ಹೊತ್ತಿಗೆ ನಡೆದವನೇ ಮೊದಲು ಮುಟ್ಟಿರ್ತಾನೆ. ಆಟೊ ವಾಸಿ.

ಆದರೆ ಕಾವಲಿ ಭಟ್ಟರ ಒಂದು ಮಾತಿಗೆ ನನ್ನ ತಕರಾರು ಇದೆ. ದೋಸೆ ತಡ ಅಂತ ಸಾರಾಸಗಟಾಗಿ ತೆಗೆದುಹಾಕೋದು ಸರಿಯಲ್ಲ. ಹಳೇ ಹೋಟೆಲ್‌ಗಳಲ್ಲಿ ಮೆನು ಚಿಕ್ಕದು. ಮೂರೇ ಥರ ದೋಸೆ ಹಾಕೋ ಕಡೆ ಒಬ್ಬೆ ನಿಲ್ಲೋದೇ ಇಲ್ಲ, ಕಾವಲಿ ಆರೋದೂ ಇಲ್ಲ. ಅರವತ್ತು ಥರ ದೋಸೆ ಬೋರ್ಡ್ ಹಾಕಿರೋ ಕಡೆಯೇ ಕಾಯಬೇಕಾಗೋದು. ಬೋರ್ಡ್ ಉದ್ದ ನೋಡಿದರೆ ಕಾಯೋ ಹೊತ್ತು ಗೊತ್ತಾಗುತ್ತೆ.

*

ಕಾವಲಿ_ಭಟ್ಟ:

ಪೇಟೆಯವರ ಮಾತು ಒಪ್ಪಿದೆ, ಅರ್ಧ. ಚಿಕ್ಕ ಮೆನು ಇದ್ದ ಕಡೆ ದೋಸೆ ಬೇಗ ಬರುತ್ತೆ, ಬೆಳಗ್ಗೆ 8ಕ್ಕೆ, ಸಂಜೆ 5.30ಕ್ಕೆ. 3.40ಕ್ಕೆ ಅಂಥ ಹೋಟೆಲ್‌ನಲ್ಲಿ ಒಲೆಯೇ ಹೊತ್ತಿರಲ್ಲ. ಮೆನು ಚಿಕ್ಕದಿರೋರೇ ಮಧ್ಯಾಹ್ನ ಬಾಗಿಲು ಹಾಕೋರು ಕೂಡ. ಬೋರ್ಡ್ ಉದ್ದ ನೋಡೋ ಉಪಾಯ ಮಾತ್ರ ಚೆನ್ನಾಗಿದೆ, ಎಲ್ಲಾ ಊರಿಗೂ ನಡೆಯುತ್ತೆ.

ಸಿನಿಮಾ ಬಿಟ್ಟ ಮೇಲೆ ತಿನ್ನೋರು ಇನ್ನೊಂದು ಗಮನಿಸಿ. ಫಸ್ಟ್ ಶೋ ಬಿಡೋದು, 7.30ರ ಸೆಕೆಂಡ್ ಶೋ ಜನ ಸೇರೋದು ಒಂದೇ ಹೊತ್ತಿಗೆ. 7ರಿಂದ 7.30ರವರೆಗೆ ಥಿಯೇಟರ್ ಎದುರಿನ ಹೋಟೆಲ್‌ಗಳಿಗೆ ಎರಡೂ ಕಡೆಯ ಜನ ಬಂದು ಬೀಳ್ತಾರೆ. 7.35ಕ್ಕೆ ಹೋದರೆ ಅರ್ಧ ಟೇಬಲ್ ಖಾಲಿ. ಹತ್ತು ನಿಮಿಷ ಬಟ್ಟೆ ಅಂಗಡಿ ನೋಡಿಕೊಂಡು ನಿಂತರೆ ಇಪ್ಪತ್ತು ನಿಮಿಷದ ಕ್ಯೂ ತಪ್ಪುತ್ತೆ.

*

ಗಾಂಧಿನಗರ_ಗಲ್ಲಿ:

ಒಂದು ಬಿಟ್ಟುಹೋಗಿತ್ತು. ರೈಲು ತಡವಾದರೆ?

3.30ರೊಳಗೆ ಸ್ಟೇಷನ್ ಹೊರಗಿದ್ದರೆ ಮೇಲಿನ ಯೋಜನೆಯೇ, ಕಾಫಿ ಮಾತ್ರ ಬಿಡಿ. 3.30ರಿಂದ 3.50ರೊಳಗೆ ಹೊರಬಂದರೆ ಕೂತು ತಿನ್ನೋದನ್ನ ಮರೆತು ಅಯ್ಯಂಗಾರ್ ಬೇಕರಿ ಹುಡುಕಿ. ಪಲ್ಯದ ಬನ್, ಖಾರಾ ಬನ್, ಬ್ರೆಡ್ ಟೋಸ್ಟ್, ಎರಡು ನಿಮಿಷದ ಕೆಲಸ. ಪಲ್ಯದ ಬನ್ ಬೆಳಗ್ಗೆಯದಾ ಮಧ್ಯಾಹ್ನದ್ದಾ ಕೇಳಿ, ಆಲೂಗೆಡ್ಡೆ ಬೇಗ ಹಳಸುತ್ತೆ. ಖಾರಾ ಬನ್‌ಗೆ ಆ ಚಿಂತೆ ಇಲ್ಲ, ಆದರೆ ಒಣಕಲು, ಟೀ ಬೇಕು. ಹುಡುಗನಿಗೆ ಬೆಣ್ಣೆ ಬಿಸ್ಕತ್. ಅಂಗಡಿಯವರನ್ನ ಕೇಳಿದರೆ ಅಮ್ಮನವರಿಗೆ ಒಂದು ಸ್ಟೂಲ್ ಹಾಕ್ತಾರೆ, ಬೇಕರಿಯವರಲ್ಲಿ ಆ ಸೌಜನ್ಯ ಇನ್ನೂ ಇದೆ. ಬೇಕರಿಯಲ್ಲಿ ಟಾಯ್ಲೆಟ್ ಇರಲ್ಲ, ಹಾಗಾಗಿ ಸ್ಟೇಷನ್ನಿನಲ್ಲೇ ಮುಗಿಸಿಕೊಂಡು ಹೊರಡಿ.

3.50 ದಾಟಿತೋ, ರಸ್ತೆಬದಿ ಕಬ್ಬಿನ ಹಾಲು, ಕೊಯ್ದಿಟ್ಟ ಹಣ್ಣು ಅಂತ ಅವಸರದಲ್ಲಿ ಏನೇನೋ ತಿನ್ನಿಸಬೇಡಿ. ಕೊಯ್ದ ಹಣ್ಣಿನ ಮೇಲೆ ಮಧ್ಯಾಹ್ನದಿಂದ ಕೆ.ಜಿ. ರೋಡಿನ ಧೂಳು ಕೂತಿರುತ್ತೆ, ಐಸ್ ಎಲ್ಲಿಯದೋ ಗೊತ್ತಿರಲ್ಲ. ಸಿಪ್ಪೆ ಇರೋ ಬಾಳೆಹಣ್ಣು ತಲಾ ಎರಡು, ಅಮ್ಮನವರಿಗೆ ಒಂದೇ ಸಾಕು, ಜೊತೆಗೆ ಹುರಿಗಡಲೆ ಅಥವಾ ಕಡಲೆಕಾಯಿ ಒಂದು ಪೊಟ್ಟಣ. ಗೇಟಿನ ಹೊರಗೇ ತಿಂದು ಮುಗಿಸಿ ಒಳಗೆ ಹೋಗಿ, ಊಟ 7.35ಕ್ಕೆ. ವಾಪಸ್ ರೈಲು ಎಷ್ಟು ಹೊತ್ತಿಗೆ ಅಂತ ನೀವು ಬರೆದಿಲ್ಲ. 8.30ಕ್ಕಿಂತ ಮುಂಚಿನದಾದರೆ ಆ ಊಟವೂ ಪಾರ್ಸೆಲ್ಲೇ. ಪಾರ್ಸೆಲ್ ಕಟ್ಟಿಸೋದಾದರೆ ಚಪಾತಿ, ಬಿಸಿಬೇಳೆಬಾತ್ ಸರಿ. ಪೂರಿ, ಮಸಾಲೆ ದೋಸೆ ಬೇಡ, ಯಶವಂತಪುರ ದಾಟೋದರೊಳಗೆ ಬೆವತು ಚರ್ಮದ ಹಾಗೆ ಆಗಿರುತ್ತೆ. ಸಾಂಬಾರ್ ಕವರ್ ರೈಲಲ್ಲಿ ಒಡೆಯುತ್ತೆ, ಒಣ ಪಲ್ಯ ಕೇಳಿ.